ಕಾನಿನ ಬೇಲಿಯ ಎರಡು ಬದಿ

ಬೇಲಿ ಕಟ್ಟುವುದಕ್ಕೆ ಇಬ್ಬರು ಬೇಕೆಂಬ ಸಂಗತಿ ನನಗೆ ತಿಳಿದದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಅದುವರೆಗೆ ನಾನು ಕಟ್ಟಿದ್ದೆಂದರೆ ಹಳೆಯ ಪುಸ್ತಕಗಳಿಗೆ ರಟ್ಟು ಮಾತ್ರ. ಸಾಗರದ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿರುವ ನನ್ನಂಥವಳನ್ನು ಶ್ರಮದಾನಕ್ಕೆ ಕರೆಯುವುದು ಬರೀ ದಾಕ್ಷಿಣ್ಯಕ್ಕೆ. ಕರೆದ ತಕ್ಷಣ ಹೊರಟುಬಿಡುವುದು ನನ್ನ ದೌರ್ಬಲ್ಯ.

ಕರೆದವನು ಸುಧಾಕರ. ಒಂದು ಕಾಲಕ್ಕೆ ನಮ್ಮ ಕಾಲೇಜಿನ ವಿದ್ಯಾರ್ಥಿ, ಈಗ ಹೊಸನಗರದ ಹತ್ತಿರ ನರ್ಸರಿ ಇಟ್ಟುಕೊಂಡಿದ್ದಾನೆ. ಅವನ ಊರಿನ ಅಂಚಿಗೆ ಒಂದು ಸಣ್ಣ ಕಾನು, ಅಂದರೆ ಊರವರು ಕಡಿಯದೆ ಉಳಿಸಿಕೊಂಡ ದಟ್ಟ ಕಾಡಿನ ತುಂಡು. ಅದರೊಳಗಿನ ಒರತೆಯ ನೀರೇ ಕೆಳಗಿನ ಮನೆಗಳಿಗೆಲ್ಲ ಆಧಾರ. ಕಳೆದ ಮಳೆಗಾಲದಲ್ಲಿ ಅಲ್ಲಿ ನೆಟ್ಟ ಸಸಿಗಳನ್ನು ಬೇಲಿಯ ಕಿಂಡಿಯಿಂದ ನುಗ್ಗಿದ ದನಗಳು ಮೇದುಹಾಕಿದ್ದವು. ಹಾಗಾಗಿ ಈ ಸಲ ಮೊದಲ ಮಳೆ ಬಿದ್ದ ಮೇಲಿನ ಭಾನುವಾರ ಇಪ್ಪತ್ತೈದು ಜನ ಕತ್ತಿ, ಹಗ್ಗ ಹಿಡಿದು ಸೇರಿದ್ದೆವು.

ಅದು ಜೀವವಿರುವ ಬೇಲಿ. ಲಕ್ಕಿ, ಹಾಲುವಾಣದ ಗೂಟ ಊರಿದರೆ ಮಳೆಗೆ ಚಿಗುರಿ ಗಿಡವಾಗುತ್ತದೆ. ಪಿಕಳಾರ ಹಕ್ಕಿ ಅದರಲ್ಲಿ ಗೂಡು ಕಟ್ಟುತ್ತದೆ, ಬಾಣಂತಿಯ ಸ್ನಾನದ ನೀರಿಗೆ ಲಕ್ಕಿ ಸೊಪ್ಪು ಸಿಗುತ್ತದೆ. ಇಷ್ಟು ಉಪಕಾರಿಯಾದ ವಸ್ತುವನ್ನು ಕಂಡರೆ ಜನಕ್ಕೆ ‘ಅಡ್ಡಿ’ ಎಂಬ ಪದವೇ ಏಕೆ ನೆನಪಾಗಬೇಕು ಎಂದು ಸುಧಾಕರನಿಗೆ ವಿವರಿಸಲು ಹೊರಟೆ. ಅವನು ತಾಳ್ಮೆಯಿಂದ ಕೇಳಿ, “ಮೇಡಂ, ನೀವು ಆ ಮೂಲೆಗೆ ಹೋಗಿ” ಎಂದ.

ದನ ನುಗ್ಗಿದ ಕಿಂಡಿಯಿದ್ದ ಆ ಮೂಲೆಯಲ್ಲಿ ಬೇಲಿಯ ಹೊರಗೆ ಶಾರದಕ್ಕ, ಒಳಗೆ ಜಲಜಕ್ಕ. ಇಬ್ಬರೂ ಅರವತ್ತರ ಆಸುಪಾಸಿನವರು, ಅಕ್ಕಪಕ್ಕದ ಮನೆಯವರು. ಒಂಬತ್ತು ವರ್ಷದಿಂದ ಅವರ ನಡುವೆ ಮಾತಿಲ್ಲ. ಜಲಜಕ್ಕ ಕೊಟ್ಟ ಡೇಲಿಯಾ ಗೆಡ್ಡೆ ನೆಟ್ಟು ಶಾರದಕ್ಕ ಫಲಪುಷ್ಪ ಪ್ರದರ್ಶನದಲ್ಲಿ ಮೊದಲ ಬಹುಮಾನ ಪಡೆದರಂತೆ; ಗೆಡ್ಡೆ ಎಲ್ಲಿಂದ ಬಂತೆಂದು ಯಾರೋ ಕೇಳಿದಾಗ “ನಮ್ಮನೇದೇ” ಎಂದುಬಿಟ್ಟರಂತೆ. ಇದನ್ನೆಲ್ಲ ಸುಧಾಕರ ದಾರಿಯಲ್ಲೇ ಹೇಳಿದ್ದ. ಹೂವು ವಾರಕ್ಕೆ ಬಾಡಿತ್ತು, ಆ ಮಾತು ಬಾಡಿರಲಿಲ್ಲ.

ಗೂಟಗಳ ಎರಡೂ ಬದಿಗೆ ಅಡ್ಡಲಾಗಿ ಬಿದಿರಿನ ದಬ್ಬೆ ಇಟ್ಟು ಹಗ್ಗದಿಂದ ಬಿಗಿಯಬೇಕು. ಹೊರಗಿನವರು ಹಗ್ಗ ತೂರಿಸಬೇಕು, ಒಳಗಿನವರು ಎಳೆದು ತಿರುಗಿ ಕೊಡಬೇಕು. ನಡುವೆ ಎಲೆಗಳ ದಟ್ಟಣೆ, ಒಬ್ಬರ ಮುಖ ಒಬ್ಬರಿಗೆ ಕಾಣದು. ಮಾತಿಲ್ಲದೆ ಈ ಕೆಲಸ ಸಾಗುವುದೇ ಇಲ್ಲ. ನನ್ನನ್ನು ಅಲ್ಲಿಗೆ ಅಟ್ಟಿದ ಕಾರಣ ಆಗ ಹೊಳೆಯಿತು. ಹೋಗಿ ಕಿಂಡಿಯಲ್ಲಿ ನಿಂತೆ.

“ಮೇಡಂ, ಎಳೀಲಿಕ್ಕೆ ಹೇಳಿ ಅವ್ರಿಗೆ” ಎಂದರು ಶಾರದಕ್ಕ.

“ಎಳೀಬೇಕಂತೆ” ಎಂದೆ ನಾನು.

“ಎಳ್ದಾಯ್ತು ಅಂತ ಹೇಳಿ” ಎಂದರು ಜಲಜಕ್ಕ.

ಒಂದು ಗಂಟೆ ಹೀಗೇ ನಡೆಯಿತು. ನನಗೆ ರಾಯಭಾರಿಯ ಗತ್ತೇ ಬಂದುಬಿಟ್ಟಿತು. ಆ ಗತ್ತಿನಲ್ಲಿ ತಲೆ ಎತ್ತಿದ್ದಷ್ಟೇ, ಕೊಂಬೆಯಲ್ಲಿದ್ದ ಚಗಳಿ ಇರುವೆಯ ಗೂಡಿಗೆ ನೆತ್ತಿ ತಾಗಿತು. ಕೆಂಪಿರುವೆಗಳು ಕೊರಳಿನಿಂದ ರವಿಕೆಯೊಳಕ್ಕೆ ಇಳಿದವು. ಗ್ರಂಥಾಲಯದಲ್ಲಿ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮೌನವೆಲ್ಲ ಒಂದೇ ಕಿರುಚಾಟಕ್ಕೆ ಖರ್ಚಾಯಿತು. ಸುಧಾಕರನ ಮನೆಯ ಬಚ್ಚಲಿಗೆ ಓಡಿದೆ.

ಅರ್ಧ ಗಂಟೆಯ ಮೇಲೆ ಅವನ ಹೆಂಡತಿಯ ಸೀರೆಯುಟ್ಟು ಮರಳಿದರೆ, ಬೇಲಿಯ ಹತ್ತಿರ ಮಾತು ಕೇಳಿಸಿತು. ಅಲ್ಲೇ ನಿಂತೆ.

“ಹಗ್ಗ ಬಂತಾ?” ಶಾರದಕ್ಕನ ದನಿ.

“ಬಂತು. ಸಡಿಲ ಬಿಡು ಮಾರಾಯ್ತಿ, ಎಂತಕ್ಕೆ ಹಂಗೆ ಹಿಡ್ಕಂಡಿದೀಯ?”

“ಬಿಟ್ಟೇ ಇದೀನಿ. ನೀನು ಗಟ್ಟಿ ಎಳೀಬೇಕಪ್ಪ.”

ಜಗಳವೇ ಇರಬೇಕೆಂದುಕೊಂಡೆ. ಹಗ್ಗ ಮತ್ತೆ ಸರಿದಾಡಿತು.

“ಮೊಣಕೈ ನೋವು” ಎಂದರು ಜಲಜಕ್ಕ. “ಎರಡು ವರ್ಷ ಆಯ್ತು. ಗಟ್ಟಿ ಎಳೀಲಿಕ್ಕೆ ಆಗಲ್ಲ.”

ಹೊರಬದಿಯ ಹಗ್ಗ ಸಡಿಲವಾಯಿತು.

“ಪಕ್ಕದ ಮನೇಲಿದ್ದೂ ನಂಗೆ ಗೊತ್ತೇ ಆಗ್ಲಿಲ್ಲ” ಎಂದರು ಶಾರದಕ್ಕ. ಆಮೇಲೆ ದನಿ ತಗ್ಗಿಸಿ, “ಅವತ್ತು ನಾನು ನಿನ್ನ ಹೆಸ್ರು ಹೇಳ್ಬೇಕಿತ್ತು.”

“ಹೂಂ. ಹೇಳ್ಬೇಕಿತ್ತು. ಈಗ ಹಗ್ಗ ಕೊಡು.”

ನನ್ನ ಕಣ್ಣು ಒದ್ದೆಯಾಯಿತು. ಯಾರಾದರೂ ಕೇಳಿದರೆ ಇರುವೆಯ ಮೇಲೆ ಹಾಕುವ ಅನುಕೂಲವಿತ್ತು. ರಾಯಭಾರಿ ಸದ್ದಿಲ್ಲದೆ ಹಿಂದೆ ಸರಿದು ಬೇರೆ ಕಡೆ ಗೂಟ ಹೊರಲು ಹೋದಳು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಬಂದರೂ ಇವರಿಬ್ಬರು ಬರಲಿಲ್ಲ. ಕರೆಯಲು ಹೋದೆ. ಕಿಂಡಿ ಯಾವಾಗಲೋ ಮುಚ್ಚಿಹೋಗಿತ್ತು. ಅವರು ಅದನ್ನು ದಾಟಿ, ಏನೂ ಹಾಳಾಗದ ಹಳೆಯ ಬೇಲಿಗೆ ದಬ್ಬೆ ಕಟ್ಟುತ್ತಿದ್ದರು.

“ಇಲ್ಲಿ ಬೇಲಿ ಗಟ್ಟಿಯಾಗೇ ಇದೆಯಲ್ಲಕ್ಕ?” ಎಂದೆ.

“ಇರ್ಲಿ ಮೇಡಂ, ಇನ್ನೊಂಚೂರು” ಎಂದು ಶಾರದಕ್ಕ ಹಗ್ಗ ತೂರಿಸಿದರು. ಒಳಗಿನಿಂದ ಅದು ಮೆಲ್ಲಗೆ ತಿರುಗಿ ಬಂತು. ಎದುರುಬದುರು ನಿಂತು ಮುಖ ನೋಡುವ ಧೈರ್ಯ ಇಬ್ಬರಿಗೂ ಇನ್ನೂ ಬಂದಿರಲಿಲ್ಲವೇನೋ.

ವಾಪಸು ಬಂದು ಸುಧಾಕರನಿಗೆ ಹೇಳಿದೆ: “ಅವರಿಬ್ಬರಿಗೆ ಊಟ ತೆಗೆದಿಡು. ಅಲ್ಲಿ ಇನ್ನೂ ಸ್ವಲ್ಪ ರಿಪೇರಿ ಇದೆ.”