ಅವಳ ದನಿಯಲ್ಲಿ ನನ್ನ ಹೆಸರು

ಮದುವೆಯಾಗಿ ಕುಂದೂರಿಗೆ ಬಂದ ಮೇಲೆ ನಾನು ಹಿಡಿದ ಕೆಲಸಗಳಲ್ಲಿ ಹೆಚ್ಚು ಕಾಲ ಉಳಿದದ್ದು ಬೇರೆಯವರ ಮಾತು ಕೇಳುವ ಕೆಲಸ. ಒಂದು ಕಂಪನಿ ಯಂತ್ರಕ್ಕೆ ನಮ್ಮ ಕಡೆಯ ಕನ್ನಡ ಕಲಿಸಲು ಹೊರಟಿತ್ತು. ಅದಕ್ಕಾಗಿ ಹಾಸನ ಸೀಮೆಯವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಸಿಕೊಳ್ಳುತ್ತಿತ್ತು. ಆ ಧ್ವನಿಯ ತುಣುಕುಗಳು ನನ್ನ ಲ್ಯಾಪ್‌ಟಾಪಿಗೆ ಬರುತ್ತಿದ್ದವು, ಜೊತೆಗೆ ಯಂತ್ರ ತಾನು ಕೇಳಿಸಿಕೊಂಡದ್ದನ್ನು ಬರೆದ ಪಠ್ಯವೂ. ಯಾರೋ 'ಹೋಗ್ಬುಟ್ಟ' ಅಂದರೆ ಅದು 'ಹೋಗು ಪುಟ್ಟ' ಎಂದು ಬರೆದಿರುತ್ತಿತ್ತು. ನಾನು ತಿದ್ದಬೇಕು. ಮೊದಲ ತಿಂಗಳು ಒಬ್ಬಳೇ ಕೂತು ನಗುತ್ತಿದ್ದೆ.

ಇನ್ನೊಂದು ಕೆಲಸವೂ ಇತ್ತು, ಮುಚ್ಚುವ ಕೆಲಸ. ಮಾತಿನ ನಡುವೆ ಯಾರದ್ದಾದರೂ ಹೆಸರು, ಊರು, ಫೋನ್ ನಂಬರು ಬಂದರೆ ಅಷ್ಟು ಭಾಗಕ್ಕೆ ಗುರುತು ಹಾಕಬೇಕು. ಆಮೇಲೆ ಅಲ್ಲಿ ಮೌನ ಮಾತ್ರ ಉಳಿಯುತ್ತದೆ. ಮಾತಾಡಿದವರು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಕಂಪನಿ ಅವರಿಗೆ ಮಾತು ಕೊಟ್ಟಿರುತ್ತದೆ. ಬಹುಪಾಲು ಹೆಸರುಗಳನ್ನು ಯಂತ್ರವೇ ಹುಡುಕುತ್ತಿತ್ತು. ಆದರೆ ನಮ್ಮಲ್ಲಿ ಹೂವಿಗೂ ಹೆಣ್ಣಿಗೂ ಒಂದೇ ಹೆಸರಿರುತ್ತದಲ್ಲ, ಅಲ್ಲಿ ಅದು ಎಡವುತ್ತಿತ್ತು. ನನ್ನದೂ ಅಂಥದ್ದೇ ಹೆಸರು.

ಅವತ್ತು ಬೆಳಿಗ್ಗೆ ಮನೆಯವರು ತಮ್ಮ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಹೋಗಿದ್ದರು. ನೆಟ್‌ವರ್ಕ್ ಸಿಗುವ ಮಹಡಿಯ ಕೋಣೆಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡೆ. 'ಮತ್ತೆ ಹೋಗಬೇಕು ಅನ್ನಿಸುವ ಒಂದು ಜಾಗದ ಬಗ್ಗೆ ಹೇಳಿ' ಎಂಬುದು ಮಾತಾಡುವವರಿಗೆ ಕಂಪನಿ ಕೊಟ್ಟ ಪ್ರಶ್ನೆ. ಹೆಂಗಸೊಬ್ಬಳು ಮಾತು ಶುರುಮಾಡುವ ಮುಂಚೆ ಮೂಗಿನಲ್ಲೇ ಸಣ್ಣಗೆ ನಕ್ಕಳು. ಆಮೇಲೆ, "ಅದೇನಾಯ್ತೂ ಅಂದ್ರೆ..." ಅಂದಳು.

ದನಿ ಯಾರದೆಂದು ತಿಳಿಯಲು ಅಷ್ಟು ಸಾಕಾಯಿತು. ಆಡಿಯೋ ನಿಲ್ಲಿಸಿ, ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ.

ನನ್ನ ತವರು ಬೆಳಗೋಡಿನಲ್ಲಿ ನಮ್ಮದು ಅಂಗಡಿ, ಜವಳಿ ಮತ್ತು ದಿನಸಿ. ಅವಳಪ್ಪ ಊರಾಚೆಯ ಎಸ್ಟೇಟ್ ಒಂದರಲ್ಲಿ ಮ್ಯಾನೇಜರ್. ಮಂಗಳೂರಿನ ಕಡೆಯಿಂದ ಬಂದ ಕ್ರೈಸ್ತ ಕುಟುಂಬ. ಮನೆಯೊಳಗೆ ಕೊಂಕಣಿ ಆಡಿದರೂ ಹೊರಗೆ ಬಂದರೆ ಅವಳದು ನಮಗಿಂತ ಗಟ್ಟಿ ಬೆಳಗೋಡಿನ ಮಾತು. ಸಕಲೇಶಪುರದ ಕಾಲೇಜಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಯಾರಿಗೆ ಸೀಟು ಸಿಕ್ಕರೂ ಇನ್ನೊಬ್ಬಳ ಚೀಲ ಅವಳ ತೊಡೆಯ ಮೇಲೆ. ನನ್ನ ಜೀವನದಲ್ಲಿ ಅಷ್ಟು ಮಾತು ನಾನು ಮತ್ಯಾರ ಹತ್ತಿರವೂ ಆಡಿಲ್ಲ. ಏನು ಮಾತಾಡುತ್ತಿದ್ದೆವು ಎಂದು ಕೇಳಿದರೆ ಹೇಳಲು ಒಂದೂ ನೆನಪಿಲ್ಲ. ಕೊನೆಯ ವರ್ಷ ಅವಳಪ್ಪ ತೀರಿಕೊಂಡರು, ಎಸ್ಟೇಟ್ ಬೇರೆಯವರ ಕೈಗೆ ಹೋಯಿತು, ಕುಟುಂಬ ಕರಾವಳಿಗೆ ಇಳಿಯಿತು. ಸ್ವಲ್ಪ ಕಾಲ ಫೋನಿನಲ್ಲಿ ಸಿಗುತ್ತಿದ್ದಳು. ಅವಳ ಮದುವೆಯೂ ಆಯಿತು. ಆಮೇಲೆ ಆ ನಂಬರು ಚಾಲ್ತಿಯಲ್ಲಿಲ್ಲ ಅನ್ನತೊಡಗಿತು.

ಮತ್ತೆ ಹೆಡ್‌ಫೋನ್ ಹಾಕಿಕೊಂಡೆ.

ಅವಳು ಎಡಕುಮೇರಿಯ ಬಗ್ಗೆ ಹೇಳುತ್ತಿದ್ದಳು. ಕಾಲೇಜಿನ ದಿನಗಳಲ್ಲಿ ಅವಳ ಚಿಕ್ಕಮ್ಮನ ಮನೆಗೆಂದು ನಾವಿಬ್ಬರೂ ಘಾಟಿಯ ರೈಲಿನಲ್ಲಿ ಹೊರಟಿದ್ದೆವು. ಸುತ್ತ ಕಾಡು ಬಿಟ್ಟರೆ ಏನೂ ಇಲ್ಲದ ಆ ಸ್ಟೇಷನ್ನಿನಲ್ಲಿ ರೈಲು ಬಹಳ ಹೊತ್ತು ನಿಂತಿತು. ಇವಳು ಇಳಿದು ಹಳಿಯ ಪಕ್ಕ ಜಿನುಗುತ್ತಿದ್ದ ನೀರಿಗೆ ಕೈಯೊಡ್ಡಿ ನಿಂತುಬಿಟ್ಟಳು. ಸೀಟಿ ಊದಿದರೂ ಹತ್ತಲಿಲ್ಲ. ನಾನು ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದೆ.

"ನಂಗೆ ಸೀಟಿ ಕೇಳಿತ್ತು," ಎಂದಿತು ಹೆಡ್‌ಫೋನಿನೊಳಗಿನ ದನಿ. "ಅವ್ಳು ಇನ್ನೊಂದ್ಸಲ ಕೂಗ್ಲಿ ಅಂತ ನಿಂತಿದ್ದೆ. ಹಂಗೆ ನನ್ನ ಹೆಸ್ರು ಹಿಡ್ದು ಯಾರೂ ಕೂಗಿರ್ಲಿಲ್ಲ. ಈಗ್ಲೂ ಯಾರೂ ಕೂಗಲ್ಲ ಬಿಡಿ."

ಇಷ್ಟು ವರ್ಷ ನಾನು ಅವಳಿಗೆ ಸೀಟಿ ಕೇಳಿಸಲಿಲ್ಲ ಎಂದೇ ತಿಳಿದಿದ್ದೆ.

ಆಮೇಲೆ ನನ್ನ ಹೆಸರು ಹೇಳಿದಳು, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು, ಬಸ್ಸಿನ ಕಿಟಕಿಯಿಂದ ಕರೆಯುತ್ತಿದ್ದ ಹಾಗೇ. ಯಂತ್ರ ಅದನ್ನು ಹೂವೆಂದು ತಿಳಿದು ಹಾಗೇ ಬಿಟ್ಟಿತ್ತು. ತಾನು ಈಗಿರುವ ಊರು ಹೇಳಿದಳು. ನಂಬರು ಯಾಕೆ ಬದಲಾಯಿಸಿದಳು, ಯಾಕೆ ಯಾರಿಗೂ ತಿಳಿಸಲಿಲ್ಲ ಎಂಬುದನ್ನೂ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಪರಿಚಯದವರ ಕಿವಿಗೆ ಬೀಳುವುದಿಲ್ಲ ಎಂಬ ನಂಬಿಕೆಯಿಂದ ಅವಳು ಆಡಿದ ಮಾತು ಅದು. ಎಡಕುಮೇರಿಯಷ್ಟು ಮಾತ್ರ ನನಗೂ ಸೇರಿದ್ದು.

ಊರಿನ ಹೆಸರಿಗೆ ಗುರುತು ಹಾಕಿದೆ. ನನ್ನ ಹೆಸರು ಉಳಿಯಿತು. ಬಿಟ್ಟಿದ್ದರೆ ಯಾರೂ ಹೂವಲ್ಲ ಅನ್ನುತ್ತಿರಲಿಲ್ಲ. ಪುನಃ ಪುನಃ ಹಾಕಿ ಕೇಳಿದೆ. ಕೆಳಗೆ ಅನ್ನದ ಕುಕ್ಕರ್ ಕೂಗಿ ಕೂಗಿ ಸುಮ್ಮನಾಯಿತು. ಕೊನೆಗೆ ನನ್ನ ಹೆಸರಿಗೂ ಗುರುತು ಹಾಕಿ ಕಳಿಸಿಬಿಟ್ಟೆ. ಮತ್ತೊಮ್ಮೆ ತೆರೆದು ಕೇಳಿದರೆ, ಅವಳ ಎರಡು ಮಾತಿನ ನಡುವೆ ಒಂದು ಚೂರು ಮೌನವಿತ್ತು. ಆ ಮೌನ ನಾನು.

ಮಾರನೆಯ ದಿನ ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದ ಮೇಡಂಗೆ ಫೋನ್ ಮಾಡಿದೆ.

"ಒಬ್ಬರು ಮಾತಾಡಿದಾರಲ್ಲ, ಅವರಿಗೆ ಒಂದು ವಿಷಯ ತಲುಪಿಸೋಕೆ ಆಗುತ್ತಾ ಮೇಡಂ?"

"ಅವರು ಯಾರು ಅಂತ ನಮಗೇ ಗೊತ್ತಿಲ್ಲ. ರೆಕಾರ್ಡಿಂಗ್ ಮುಗಿದ ತಕ್ಷಣ ಹೆಸರು, ನಂಬರು ಎಲ್ಲ ಅಳಿಸಿಬಿಡ್ತೀವಿ." ಆಮೇಲೆ ಕೇಳಿದರು, "ನಿಮಗೆ ಗೊತ್ತಿರೋರಾ?"

"ಹೌದು."

"ಗೊತ್ತಿಲ್ಲ ಅಂದ್ಕೊಳ್ಳಿ. ಅವರು ನಂಬಿ ಮಾತಾಡಿರ್ತಾರೆ."

ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಅದಕ್ಕೇ ಹೆಚ್ಚು ನಾಟಿತು.

ಮನೆಯವರಿಗೆ ಹೇಳಿದಾಗ ಅವರಿಗೆ ಇದೊಂದು ಸಮಸ್ಯೆ ಎಂದೇ ಅನ್ನಿಸಲಿಲ್ಲ. "ಇರೋ ಊರು ಹೇಳವ್ಳೆ ಅಂತೀಯಲ್ಲ. ಬಸ್ ಹತ್ಕೊಂಡು ಹೋಗ್ಬುಟ್ರಾಯ್ತು ಕಣೇ."

"ಅದು ನಂಗೆ ಹೇಳಿದ್ದಲ್ಲ ಕಣ್ರೀ."

"ಮತ್ಯಾರಿಗೆ ಹೇಳವ್ಳೆ? ಮಿಷನ್ನಿಗಾ?"

ಅವರು ತಮಾಷೆ ಮಾಡಲಿಲ್ಲ, ನಿಜವಾಗಿ ಕೇಳಿದರು. ನಾನು ಎದುರಿಗೆ ಕೂತಿದ್ದರೆ ಅವಳು ಆ ಮಾತುಗಳನ್ನು ಆಡುತ್ತಿದ್ದಳೇ? ಬಸ್ಸಿನಲ್ಲಿ ಎಲ್ಲವನ್ನೂ ನನಗೆ ಹೇಳುತ್ತಿದ್ದವಳು ಇದನ್ನು ಮುಖವಿಲ್ಲದ ಒಂದಕ್ಕೆ ಹೇಳಿಕೊಂಡಿದ್ದಳು. ಯಂತ್ರದ ಮೇಲೆ ಹೊಟ್ಟೆಕಿಚ್ಚು ಬಂತು ಅಂದರೆ ನಗಬೇಡಿ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣನ ಮಗುವಿನ ನಾಮಕರಣಕ್ಕೆ ಬೆಳಗೋಡಿಗೆ ಹೋಗಿದ್ದೆ. ಊಟವಾದ ಮೇಲೆ ಎಸ್ಟೇಟಿನ ರಸ್ತೆಯಲ್ಲಿ ನಡೆದೆ. ಆಗಿನ ಕಾಲದಲ್ಲಿ ಅಲ್ಲಿ ರೈಟರ್ ಆಗಿ ಲೆಕ್ಕಪತ್ರ ನೋಡುತ್ತಿದ್ದವರು ಗೇಟಿನ ಹತ್ತಿರವೇ ಮನೆ ಮಾಡಿಕೊಂಡಿದ್ದರು. ನಾನು ಕೇಳಿದ್ದು, ಯಾವ ಗೆಳತಿಯಾದರೂ ಕೇಳಬಹುದಾದದ್ದು: ಮ್ಯಾನೇಜರ್ ಮನೆಯವರು ಈಗಲೂ ಈ ಕಡೆ ಬರುತ್ತಾರಾ?

"ಸಾಹೇಬ್ರ ಗೋರಿ ಇಲ್ಲೇ ಸಕಲೇಶಪುರದಲ್ಲಿ ಐತಲ್ಲವ್ವ," ಅಂದರು. "ಸತ್ತೋರ ನೆನೆಯೋ ದಿನ ಅಂತ ನವೆಂಬರ್ ಶುರುನಾಗೆ ಮಾಡ್ತಾರೆ, ಅವತ್ತು ಬತ್ತಾರೆ. ಮಗ ತಪ್ಪಿಸಲ್ಲ. ಮಗಳೂ ಒಂದ್ಸಲ ಬಂದಂಗಿತ್ತು."

ನವೆಂಬರಿನ ಆ ದಿನ ನಾನು ಸಕಲೇಶಪುರಕ್ಕೆ ಹೋದೆ. ಒಳ್ಳೆಯ ಸೀರೆ ಉಟ್ಟಿದ್ದೆ. ಸಮಾಧಿಗಳ ಮೇಲೆಲ್ಲ ಚೆಂಡುಹೂ, ಮೇಣದಬತ್ತಿ. ಬಂದವರು ಒಬ್ಬರನ್ನೊಬ್ಬರು ಮಾತಾಡಿಸುತ್ತ ನಿಂತಿದ್ದರು. ಅವಳಪ್ಪನ ಸಮಾಧಿಯ ಹತ್ತಿರ ಒಬ್ಬ ಗಂಡಸು ಕಲ್ಲಿನ ಮೇಲಿನ ಪಾಚಿ ಉಜ್ಜುತ್ತಿದ್ದ. ಅವಳ ತಮ್ಮ. ನಾನು ಕೊನೆಯ ಸಲ ನೋಡಿದಾಗ ಹೈಸ್ಕೂಲಿನಲ್ಲಿದ್ದವನಿಗೆ ಈಗ ಗಡ್ಡ ನರೆಯತೊಡಗಿತ್ತು.

"ಅಕ್ಕಾ, ನೀವು ಬೆಳಗೋಡು ಅಂಗಡಿಯವ್ರಲ್ವಾ?" ಎಂದು ಅವನೇ ಗುರುತು ಹಿಡಿದ. "ಅವಳಿದ್ದಿದ್ರೆ ಕುಣೀತಿದ್ಲು. ಈ ಸಲ ಬರ್ಲಿಕ್ಕೆ ಆಗ್ಲಿಲ್ಲ."

"ಚೆನ್ನಾಗಿದಾಳಾ?"

ಅವನು ಉಜ್ಜುವುದನ್ನು ನಿಲ್ಲಿಸಿದ. "ಈಗ ಚೆನ್ನಾಗಿದಾಳೆ."

ಆ 'ಈಗ' ನನಗೆ ಅರ್ಥವಾಯಿತು. ಅರ್ಥವಾಗಿದ್ದನ್ನು ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ಅವನು ಕೈ ಒರೆಸಿಕೊಂಡು ಫೋನ್ ತೆಗೆದ. "ನಂಬರ್ ಕೊಡ್ತೇನೆ, ಈಗಲೇ ಮಾಡಿ. ನನ್ನ ಫೋನಲ್ಲೇ ಮಾಡಿ ಬೇಕಾದ್ರೆ."

ಅವಳ ದನಿ ಒಂದು ಗುಂಡಿ ಒತ್ತುವಷ್ಟು ಹತ್ತಿರವಿತ್ತು. ಬೆರಳು ಮುಂದಾಯಿತು ಎಂಬುದೂ ಸುಳ್ಳಲ್ಲ.

"ಬೇಡ," ಅಂದೆ. "ನನ್ನ ನಂಬರ್ ಅವಳಿಗೆ ಕೊಡು. ಮಾತಾಡ್ಬೇಕು ಅನ್ನಿಸ್ದಾಗ ಅವಳೇ ಮಾಡ್ಲಿ."

"ಯಾಕಕ್ಕಾ, ಸಿಟ್ಟಾ?"

"ಸಿಟ್ಟಲ್ಲ ಮಾರಾಯ. ಸಿಟ್ಟಿದ್ರೆ ಇಲ್ಲೀತನಕ ಬರ್ತಿದ್ನಾ?"

ಅವನಿಗೆ ಒಪ್ಪಿಗೆಯಾಗಲಿಲ್ಲ. ಆದರೂ ನಂಬರು ಒತ್ತಿಕೊಂಡು, ನಿಮ್ಮ ಹೆಸರು ಹೇಗೆ ಹಾಕಲಿ ಎಂದು ಕೇಳಿದ. ಹೇಳಿದೆ. ಅವನು ಕೊಟ್ಟ ಒಂದು ಮೇಣದಬತ್ತಿ ಹಚ್ಚಿ, ಅವಳಪ್ಪನಿಗೆ ಕೈಮುಗಿದು ಬಸ್‌ಸ್ಟ್ಯಾಂಡಿಗೆ ನಡೆದೆ.

ಅದಾದ ಮೇಲೆ ಕಾಫಿ ಕುಯ್ಲು ಮುಗಿಯಿತು, ಹೂವೂ ಅರಳಿ ಉದುರಿತು. ನನ್ನ ಕೆಲಸವೂ ಹೋಯಿತು. ಹೊಸ ಯಂತ್ರ ನಮ್ಮ ಮಾತನ್ನು ತಾನೇ ತಿದ್ದಿಕೊಳ್ಳುತ್ತದಂತೆ, ಹೆಸರನ್ನೂ ಹೂವನ್ನೂ ಬೇರೆ ಮಾಡುತ್ತದಂತೆ. ಲ್ಯಾಪ್‌ಟಾಪ್ ವಾಪಸ್ ಕಳಿಸುವ ಮುಂಚೆ ಆ ತುಣುಕು ಇದೆಯೇನೋ ಎಂದು ನೋಡಿದೆ. ಮುಗಿದ ಕೆಲಸವನ್ನೆಲ್ಲ ಅವರು ತೆಗೆದುಬಿಟ್ಟಿದ್ದರು. ತೆಗೆದದ್ದೇ ಸರಿ. ಆದರೂ ಇನ್ನೊಮ್ಮೆ ಹುಡುಕಿದೆ.

ಅವಳಿಂದ ಫೋನ್ ಬಂದಿಲ್ಲ. ಮುಂಚೆ ಗೊತ್ತಿಲ್ಲದ ನಂಬರುಗಳನ್ನು ನಾನು ಎತ್ತುತ್ತಲೇ ಇರಲಿಲ್ಲ. ಈಗ ಬಟ್ಟೆ ಒಗೆಯುವಾಗಲೂ ಫೋನನ್ನು ಕಲ್ಲಿನ ಪಕ್ಕ ಇಟ್ಟುಕೊಂಡು, ಒದ್ದೆ ಕೈಯಲ್ಲೇ ಎತ್ತುತ್ತೇನೆ. ಸೈಟು ಮಾರುವವರು, ಇನ್ಶೂರೆನ್ಸಿನವರು, ಮನುಷ್ಯರಂತೆ ಮಾತಾಡುವ ಯಂತ್ರಗಳು. ಮನೆಯವರು ಬೈಯುತ್ತಾರೆ, "ಎಲ್ರಿಗೂ ಹಲೋ ಅಂತೀಯಲ್ಲೇ!" ಅನ್ನಲಿ. ಹಲೋ ಅಂದು ಆ ಕಡೆಯವರು ಬಾಯಿ ತೆರೆಯುವವರೆಗಿನ ಒಂದು ಗಳಿಗೆ ಇದೆಯಲ್ಲ, ಅಷ್ಟು ಹೊತ್ತು ಅದು ಅವಳೇ.