ಅಧ್ಯಕ್ಷರು ತಂದ ಚಾರ್ಜರ್

ಹೈದರಾಬಾದಿನ ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು ನಿವೃತ್ತ ಎಂಜಿನಿಯರ್. ಯಾವ ವಿಷಯದ ಎಂಜಿನಿಯರ್ ಎಂಬುದು ನನಗೆ ಕಡೆಗೂ ತಿಳಿಯಲಿಲ್ಲ. ನೀರಿನ ಟ್ಯಾಂಕಿನಿಂದ ಹಿಡಿದು ಮಕ್ಕಳ ಕೆಮ್ಮಿನವರೆಗೆ ಎಲ್ಲಕ್ಕೂ ಒಂದೇ ಗತ್ತಿನಲ್ಲಿ ತೀರ್ಪು ಕೊಡುತ್ತಿದ್ದರು. ನಾನು ಜಂಟಿ ಕಾರ್ಯದರ್ಶಿ. ಅಂದರೆ, ಅವರು ಬೆರಳಿಟ್ಟ ಕಡೆ ಸಹಿ ಹಾಕುವವಳು.

ಒಂದು ಬೇಸಿಗೆಯಲ್ಲಿ ಅವರು ಮೆಹದಿಪಟ್ಟಣಂನ ಫುಟ್‌ಪಾತಿನಿಂದ ಕಾವಲುಗಾರರಿಗೆಂದು ಎರಡು ಟಾರ್ಚ್ ತಂದರು. ಒಳಗೆ ಬೆರಳುದ್ದದ ಲಿಥಿಯಂ ಸೆಲ್‌ಗಳು. ಜೊತೆಗೆ, ಕೈಯಲ್ಲಿ ಹಿಡಿದರೆ ಖಾಲಿ ಡಬ್ಬಿಯಂತಿದ್ದ ಒಂದು ಚಾರ್ಜರ್. ಅದರ ಬೆನ್ನ ಮೇಲೆ ತಯಾರಿಸಿದವರ ಹೆಸರಿರಲಿಲ್ಲ, ಎಷ್ಟು ವೋಲ್ಟ್ ಕೊಡುತ್ತದೆಂದೂ ಇರಲಿಲ್ಲ. ಮೀಟರ್ ಬೋರ್ಡಿನ ಕೆಳಗಿನ ಮರದ ಹಲಗೆಯ ಮೇಲೆ, ಹಳೆಯ ರಿಜಿಸ್ಟರುಗಳ ಪಕ್ಕದಲ್ಲಿ ಅದನ್ನು ಇಡಬೇಕೆಂದು ಅಧ್ಯಕ್ಷರೇ ಜಾಗ ಗೊತ್ತುಮಾಡಿದರು. ನಾನು ಸಹಿ ಹಾಕಿದೆ.

ಹಗಲು ಗೇಟು ನೋಡಿಕೊಳ್ಳುತ್ತಿದ್ದವಳು ಯಾದಗಿರಿ ಕಡೆಯ ಹೆಂಗಸು. ಸೆಲ್ ಚಾರ್ಜ್ ಮಾಡುವ ಕೆಲಸ ಅವಳ ಪಾಲಿಗೆ ಬಂತು. ತೆಲುಗು ಅವಳಿಗೆ ಅಷ್ಟಕ್ಕಷ್ಟೇ. ನಾನು ಬೀದರಿನವಳೆಂದು ತಿಳಿದ ದಿನದಿಂದ ಏನಿದ್ದರೂ ನನ್ನ ಹತ್ತಿರವೇ ಹೇಳುತ್ತಿದ್ದಳು.

“ಅಕ್ಕಾರ, ಸೆಲ್ಲು ಮುಟ್ಟಾಕ ಬರದಂಗ ಸುಡಾಕತ್ತಾವ್ರಿ,” ಎಂದಳು ಒಂದು ದಿನ. “ಎಷ್ಟೊತ್ತು ಇಟ್ರೂ ಕೆಂಪು ದೀಪ ಹಸಿರಾಗಂಗಿಲ್ಲ.”

ಅಧ್ಯಕ್ಷರಿಗೆ ತಿಳಿಸಿದೆ. ಅವರು ನಕ್ಕರು. ಬಿಸಿಯಾದರೆ ಕರೆಂಟು ಚೆನ್ನಾಗಿ ಒಳಗೆ ಹೋಗುತ್ತಿದೆ ಎಂದರ್ಥವಂತೆ. ಆ ಜ್ಞಾನವನ್ನು ನಾನು ಕೆಳಗಿಳಿದು ಬಂದು ಕನ್ನಡದಲ್ಲಿ ಅವಳಿಗೆ ಒಪ್ಪಿಸಿದೆ. ಅಧ್ಯಕ್ಷರಾದರೂ ತಮ್ಮ ದಡ್ಡತನವನ್ನು ನಂಬಿ ಹೇಳಿದ್ದರು. ನಾನು ನಂಬದೆಯೇ ಹೇಳಿದೆ.

ಅವಳು ನಮ್ಮಿಬ್ಬರನ್ನೂ ನಂಬಲಿಲ್ಲ. ಚಾರ್ಜರನ್ನು ಹಲಗೆಯಿಂದ ತೆಗೆದು ತನ್ನ ಕೋಣೆಯ ಹೊರಗೆ ಬರಿಯ ಸಿಮೆಂಟ್ ನೆಲದ ಮೇಲಿಟ್ಟಳು. ತಾನು ಎದುರಿಗೆ ಕೂತು ಸೊಪ್ಪು ಬಿಡಿಸುವಾಗ ಮಾತ್ರ ಸ್ವಿಚ್ ಹಾಕುತ್ತಿದ್ದಳು. ದಾರಿಯಲ್ಲಿ ವೈರು ಕಾಣುತ್ತದೆ, ಕಟ್ಟಡದ ಅಂದ ಕೆಡುತ್ತದೆ ಎಂದು ಅಧ್ಯಕ್ಷರು ಅವಳನ್ನು ಎರಡು ಸಲ ಗದರಿದರು.

ಒಂದು ಮಧ್ಯಾಹ್ನ ನಾನು ತರಕಾರಿ ಚೀಲ ಹಿಡಿದು ಗೇಟು ದಾಟುತ್ತಿದ್ದೆ. ಚಾರ್ಜರಿನಿಂದ ಸುಯ್ಯೆಂಬ ಸದ್ದು ಬಂತು, ಹಿಂದೆಯೇ ಬಿಳಿ ಹೊಗೆ. ಅವಳು ಮೊದಲು ಸ್ವಿಚ್ ಆರಿಸಿದಳು, ಆಮೇಲೆ ನನ್ನ ರಟ್ಟೆ ಹಿಡಿದು ದೂರ ಎಳೆದಳು. ಗೋಡೆ ರಿಪೇರಿಗೆಂದು ತಂದಿದ್ದ ಮರಳನ್ನು ಬುಟ್ಟಿಯಲ್ಲಿ ತುಂಬಿ ದೂರದಿಂದಲೇ ಸುರಿದಳು. ಹೊಗೆ ನಿಲ್ಲುವವರೆಗೆ ಇಬ್ಬರೂ ರಸ್ತೆಯಲ್ಲಿ ನಿಂತೆವು. ನೆಲ ಒಂದು ಮೊಳದಷ್ಟು ಕಪ್ಪಾಗಿತ್ತು, ಚಾರ್ಜರ್ ಕರಗಿ ಮುದ್ದೆಯಾಗಿತ್ತು.

“ಆ ಹಲಗಿ ಮ್ಯಾಲ ಇದ್ದಿದ್ರ ಏನಾಗ್ತಿತ್ರೀ ಅಕ್ಕಾರ?” ಎಂದಳು.

ಅಧ್ಯಕ್ಷರು ಇಳಿದು ಬಂದು, ಮರಳನ್ನು ಛತ್ರಿಯ ತುದಿಯಿಂದ ಕೆದಕಿ, ನೆಲದ ತೇವ ಒಳಗೆ ಹೋಗಿದೆ ಎಂದರು. ಹೈದರಾಬಾದಿನ ಮೇ ತಿಂಗಳಲ್ಲಿ ತೇವ!

ಮರುದಿನ ಅವರನ್ನು ಕೇಳದೆ, ಇನ್ನೊಂದು ಟಾರ್ಚಿನ ಸೆಲ್‌ಗಳನ್ನು ಒಂದಕ್ಕೊಂದು ತಾಗದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟುಕೊಂಡು ಸಿಕಂದರಾಬಾದಿಗೆ ಹೋದೆ. ಸ್ಟೇಷನ್ ಹತ್ತಿರದ ಎಲೆಕ್ಟ್ರಾನಿಕ್ಸ್ ಅಂಗಡಿಯ ಮುದುಕರು ಚಾರ್ಜರ್ ತೋರಿಸುವ ಮೊದಲು ಸೆಲ್ ಕೇಳಿದರು. ಕನ್ನಡಕ ಏರಿಸಿ ಅದರ ಮೈಮೇಲಿನ ಅಕ್ಷರ ಓದಿದರು. ಒಂದರ ಹೊದಿಕೆ ಹರಿದಿತ್ತು. ಇದನ್ನು ಇನ್ನು ಯಾವ ಚಾರ್ಜರಿಗೂ ಹಾಕಬೇಡಿ, ಕಸಕ್ಕೂ ಎಸೆಯಬೇಡಿ ಎಂದು ಹಿಂದಿಯಲ್ಲಿ ಬೈದು ತಾವೇ ಇಟ್ಟುಕೊಂಡರು. ಈ ಬಗೆಯ ಸೆಲ್ 4.2 ವೋಲ್ಟಿಗೆ ತುಂಬುತ್ತದೆ. ಅಲ್ಲಿಗೆ ತಾನಾಗಿ ನಿಲ್ಲಿಸದ ಚಾರ್ಜರ್ ಚಾರ್ಜರೇ ಅಲ್ಲ ಎಂದರು. ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ನೋಡಿಕೊಳ್ಳುವ, ಹೆಸರು ಮತ್ತು ವೋಲ್ಟ್ ಸ್ಪಷ್ಟವಾಗಿ ಬರೆದ ಒಂದನ್ನು ಕೊಟ್ಟರು. ಬೇಗ ಆಗಲೆಂದು ಹೆಚ್ಚು ಆಂಪಿಯರಿನದು ಕೇಳಿದೆ. ಈ ಪುಟ್ಟ ಸೆಲ್ಲಿಗೆ ಅರ್ಧ ಆಂಪಿಯರ್ ಸಾಕು, ನಿಮಗೇನು ರೈಲು ಹಿಡಿಯಬೇಕಾಗಿದೆಯೇ ಎಂದರು.

ಮುಂದಿನ ಸಭೆಯಲ್ಲಿ ಅಧ್ಯಕ್ಷರು ಕಾವಲಿನವರ ಅಜಾಗರೂಕತೆಯ ಬಗ್ಗೆ ನೋಟಿಸ್ ಹಾಕಬೇಕೆಂದರು. ನಾನು ಎದ್ದು ನಿಂತೆ. ಚಾರ್ಜರ್ ತಂದವರು ಇವರು, ಒಪ್ಪಿ ಸಹಿ ಹಾಕಿದವಳು ನಾನು, ಕಟ್ಟಡ ಉಳಿಸಿದವಳು ಅವಳು ಎಂದು ತೆಲುಗಿನಲ್ಲಿ ಹೇಳಿದೆ. ಯಾರೋ ತಟ್ಟನೆ ಲಿಫ್ಟಿನ ದುರಸ್ತಿಯ ವಿಷಯ ತೆಗೆದರು, ಎಲ್ಲರಿಗೂ ಜೀವ ಬಂತು. ನೋಟಿಸಂತೂ ಬರಲಿಲ್ಲ.

ಹೊಸ ಚಾರ್ಜರ್ ಬಂದ ಮೇಲೂ ಅವಳು ಅದರ ಎದುರು ಕೂರುವುದನ್ನು ಬಿಡಲಿಲ್ಲ. ಹಸಿರು ದೀಪ ಬಂದ ಕೂಡಲೇ ಸೆಲ್ ತೆಗೆದು ಡಬ್ಬಿಗೆ ಹಾಕುತ್ತಿದ್ದಳು. ವಾರ ಕಳೆದ ಮೇಲೆ ಅಧ್ಯಕ್ಷರು ಫೋನು ಮಾಡಿ, ತಮ್ಮ ಮನೆಯ ಟಾರ್ಚಿಗೂ ಅಂಥದೇ ಒಂದು ಚಾರ್ಜರ್ ತಂದುಕೊಡಲಾದೀತೇ ಎಂದು ಕೇಳಿದರು. ನಾನು ಅಂಗಡಿಗೆ ದಾರಿ ಹೇಳಿದೆ. ತುಸು ದೂರವಾಯಿತಲ್ಲ ಎಂದರು. ಹೌದು, ದೂರವೇ ಎಂದೆ.