ಗೆರೆಗೆ ಒಂದು ಮಾರು ಈಚೆ

ಗೋವಿನಕೋವಿಯ ಅರ್ಪಿತಾ ಅರ್ಜಿ ಹಾಕುವ ಮೊದಲೇ ಅರ್ಧ ಪೊಲೀಸಾಗಿದ್ದಾಳೆ. ಕಳೆದುಹೋದ ಚೊಂಬಿಗೂ ಸಾಕ್ಷಿ ಕೇಳುತ್ತಾಳೆ. ಅವ್ವ ದುರುಗಮ್ಮ ಕರೆದರೆ ಹಿಮ್ಮಡಿ ಕೂಡಿಸಿ "ಸರ್" ಅನ್ನುತ್ತಾಳೆ. ದಿನಾ ಬೆಳಗ್ಗೆ ಕಾಲುವೆ ಏರಿಯ ಮೇಲೆ ನಾನೂರು ಮೀಟರ್ ಓಡುವಾಗ ಮಾತ್ರ ಪಕ್ಕಕ್ಕೆ ತಿರುಗಿ, "ಇನ್ನೇನು ಬಂತು, ಓಡೇ ಆಶಾ" ಎಂದು ಹುರಿದುಂಬಿಸುತ್ತಾಳೆ. ಆಶಾ ಹೋದ ವರ್ಷ ಇದೇ ಏರಿಯ ಮೇಲೆ, ಇವಳ ಜೊತೆ ಓಡುತ್ತಲೇ ಕುಸಿದು ಸತ್ತ ಗೆಳತಿ. ಓಟ ಮುಗಿಯುವ ಸುಣ್ಣದ ಗೆರೆಗೆ ಇನ್ನೊಂದು ಮಾರು ಇರುವಾಗ ಅರ್ಪಿತಾ ನಿಂತುಬಿಡುತ್ತಾಳೆ. "ಹಿಂಗೆ ನಿಂತ್ರೆ ಕೆಲ್ಸ ಹೆಂಗೆ ಸಿಗ್ತೈತೆ?" ಎಂದು ಗೆರೆಯ ಪಕ್ಕ ನಿಂತು ಮೊಬೈಲಿನಲ್ಲಿ ಟೈಮ್ ನೋಡುವ ದುರುಗಮ್ಮ ಗದರುತ್ತಾಳೆ. "ಅವತ್ತು ನಿಲ್ಲೇ ಅಂದ್ಲು, ನಾನು ನಿಲ್ಲಲಿಲ್ಲವ್ವಾ. ಅವಳು ಮೊದ್ಲು ದಾಟ್ಲಿ." ಆಗ ಏದುಸಿರೊಂದು ದುರುಗಮ್ಮನ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಮಗಳು ನಿಂತಲ್ಲೇ ನಿಂತಿರುತ್ತಾಳೆ. ದುರುಗಮ್ಮನ ಬೆರಳು ತಾನಾಗಿಯೇ ಟೈಮ್ ನಿಲ್ಲಿಸಿರುತ್ತದೆ.